ನನ್ನ ವಿರುದ್ಧ ಕೂಗಿದ ದನಿ

ಆ ದನಿಯನ್ನು ನಾನು ಮೊದಲು ಕೇಳಿದೆ. ಮನುಷ್ಯನನ್ನು ನೋಡಿದ್ದು ಆಮೇಲೆ. ಇಟ್ಟಿಗಿಯಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿದಾಗಲೆಲ್ಲ ಸುತ್ತಲಿನ ಊರುಗಳಿಗೆ ಒಂದು ಜಟಕಾ ಬರುತ್ತಿತ್ತು. ಎರಡೂ ಬದಿಗೆ ಪೋಸ್ಟರು ಕಟ್ಟಿ, ಮೇಲೆ ತಗಡಿನ ಹಾರ್ನು ಕೂಡಿಸಿದ ಗಾಡಿ. ಒಳಗೆ ಮೈಕು ಹಿಡಿದು ಕೂತವನು ಸಿನೆಮಾದ ಕತೆಯನ್ನು ಅರ್ಧಕ್ಕೆ ತಂದು ನಿಲ್ಲಿಸುತ್ತಿದ್ದ. “ಅತ್ತಿ ಬಾಗಲಾ ಹಾಕ್ಯಾಳ. ಸೊಸಿ ಹೊರಗ ನಿಂತಾಳ. ಗಂಡ ಎಲ್ಲಿ ಹೋಗ್ಯಾನ? ಬಂದು ನೋಡ್ರಿ!” ಎಂದು ಗಾಡಿ ಮುಂದೆ ಹೊಡೆಸಿಬಿಡುತ್ತಿದ್ದ. ಒರಟು ದನಿ, ಆದರೆ ಕೊನೆಯ ಅಕ್ಷರಕ್ಕೆ ಬಂದಾಗ ಮೆತ್ತಗಾಗುತ್ತಿತ್ತು. ನಾನು ಹೊಲಿಗೆ ಮಶೀನಿನ ಗಾಲಿಗೆ ಕೈ ಅಡ್ಡ ಇಟ್ಟು ನಿಲ್ಲಿಸಿ, ಗಾಡಿ ಕೆರೆಯ ಏರಿ ಹತ್ತಿ ಮರೆಯಾಗುವವರೆಗೆ ಕೇಳುತ್ತಿದ್ದೆ. ಆ ಸಿನೆಮಾಗಳಲ್ಲಿ ಒಂದನ್ನೂ ನಾನು ನೋಡಲಿಲ್ಲ. ನನಗೆ ಬೇಕಾದದ್ದು ಗಾಡಿಯಲ್ಲೇ ಸಿಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ನನಗೆ ಆಗಷ್ಟೇ ಇಪ್ಪತ್ತೊಂದು ದಾಟಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಹಡಗಲಿಯಲ್ಲಿ ಹೊಲಿಗೆ ಕಲಿತು, ಮನೆಯ ಪಡಸಾಲೆಯಲ್ಲೇ ಮಶೀನು ಹಾಕಿಕೊಂಡಿದ್ದೆ. ಅಪ್ಪ ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಮುಂಜಾನೆಯ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುತ್ತಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ನಮ್ಮದು ಊರಿನ ಕಡೆಯ ಓಣಿ. ನೀರಿಗೆ ಹಳ್ಳದ ದಂಡೆಯವರೆಗೆ ನಡೆಯಬೇಕಾದ ಓಣಿ.

ವಿಧಾನಸಭೆಯ ಚುನಾವಣೆ ಬಂತು. ಒಂದು ಮಧ್ಯಾಹ್ನ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಒಬ್ಬ ಬಂದು ಬಾಗಿಲಲ್ಲಿ ನಿಂತ. ಸಣಕಲು ಮೈ, ಎಣ್ಣೆ ಕಾಣದ ಕೂದಲು.

“ಅಕ್ಕಾರ, ಬಾವುಟ ಹೊಲಿಬೇಕಾಗಿತ್ರಿ” ಅಂದ.

ಅದೇ ದನಿ. ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಅಷ್ಟು ದಿನ ಕಾದು ಕೇಳಿದ ದನಿ ಬಂದು ನನ್ನನ್ನು ಅಕ್ಕ ಅನ್ನಬೇಕೆ?

“ಅಕ್ಕ ಅನ್ನಬ್ಯಾಡ್ರಿ. ನಿಮಗಿಂತ ಸಣ್ಣಾಕಿ ಅದೀನಿ” ಅಂದೆ.

ಅವನು ಗಂಟು ಬಿಚ್ಚಿದ. ಕೊಟ್ಟೂರಿನಿಂದ ತಂದ ಬಟ್ಟೆ. ಬಣ್ಣ ನೋಡಿದ ಕೂಡಲೇ ಗೊತ್ತಾಯಿತು, ಅದು ಹಳೆಯ ದೊಡ್ಡ ಪಕ್ಷದ್ದು. ನಮ್ಮ ಮನೆಯಲ್ಲಿ ಆ ಬಣ್ಣ ಕಂಡರೆ ಅಪ್ಪ ಉಗುಳುತ್ತಿದ್ದ. ನಾನು ಬಟ್ಟೆ ಮುಟ್ಟಿ ನೋಡಿ ಹೇಳಿದೆ:

“ಹೊಲಿತೀನ್ರಿ, ಅದು ನನ್ನ ಕೆಲಸ. ಆದರ ಇದಕ್ಕ ನಾ ವೋಟು ಹಾಕೋದಿಲ್ಲ.”

“ನಾ ಅರಿವಿ ತಂದೀನ್ರಿ. ವೋಟು ಕೇಳಾಕ ಇನ್ನಾ ಬಂದಿಲ್ಲ.”

“ಬಂದಾಗ ಕಾಲು ಸವೆಸೋದು ಬ್ಯಾಡ ಅಂತ ಈಗಲೇ ಹೇಳೀನಿ.”

ಅವನು ನಕ್ಕು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತ. “ಯಾಕಂತ ಕೇಳಬಹುದೇನ್ರಿ?”

ಕೇಳಿದ್ದಕ್ಕೆ ಇಬ್ಬರ ಕತೆಯೂ ಹೊರಗೆ ಬಂತು. ಅವನು ಹಳ್ಳದಾಚೆಯ ಸಣ್ಣ ಊರಿನವನು, ನಮ್ಮ ಪೈಕಿಯವನೇ. ಹರಪನಹಳ್ಳಿಯಲ್ಲಿ ಸೋದರಮಾವನ ಮೈಕ್ ಸೆಟ್ ಅಂಗಡಿಯಲ್ಲಿ ಬೆಳೆದು, ಈಚೆಗೆ ಊರಿಗೆ ಮರಳಿದ್ದ. ಅವನಪ್ಪ ಗೇಣಿಗೆ ಉಳುತ್ತಿದ್ದ ಹೊಲ, ಭೂಮಿ ಉಳುವವನಿಗೇ ಸೇರಬೇಕೆಂಬ ಕಾನೂನು ಬಂದಾಗ, ಅವರದಾಗಿತ್ತು.

“ಮೊದಲನೇ ಸಲ ಸ್ವಂತ ಜ್ವಾಳದ ರಾಶಿ ಹಾಕಿದಾಗ ನಮ್ಮವ್ವ ಅದರ ಮುಂದ ಕುಂತು ಅತ್ತಾಳ. ಆ ಕಾನೂನು ಮಾಡಿದ್ದು ಈ ಪಕ್ಷ. ನಾ ಹ್ಯಾಂಗ ಮರೀಲಿ?” ಅಂದ.

“ನಮ್ಮ ತಾತನೂ ಗೇಣಿಗೇ ಉಳತಿದ್ದ. ಅದೇ ಕಾನೂನು, ಅದೇ ಕಾಲ. ನಿಮ್ಮ ಪಕ್ಷದ ಗೌಡ ಮನಿಗೆ ಕರೆಸಿ, ‘ನಾ ಗೇಣಿದಾರ ಅಲ್ಲ, ಕೂಲಿಯವ ಅಂತ ಹೇಳಿ ಬಾ’ ಅಂದ. ತಾತ ಹೋಗಿ ಹಂಗೇ ಹೇಳಿ ಬಂದ. ಮರುದಿನ ಅದೇ ಹೊಲಕ್ಕ ಕೂಲಿಗೆ ಹೋದ” ಅಂದೆ ನಾನು.

ಅವನು ಬಿಚ್ಚಿದ ಗಂಟಿನ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ, “ಅದು ಗೌಡನ ತಪ್ಪು. ಪಕ್ಷದ್ದಲ್ಲ” ಅಂದ.

“ಗೌಡನ ಕೊರಳಿಗೆ ಶಾಲು ಹಾಕಿದವರು ಯಾರು?”

“ಇದಕ್ಕ ನಾಳೆ ಹೇಳ್ತೀನಿ” ಎಂದು ಎದ್ದುಹೋದ.

ನಾನು ಮರುಳಾದದ್ದು ಇಲ್ಲಿ. ಅವನು ಮರುದಿನ ನಿಜವಾಗಿಯೂ ಬಂದು, “ಶಾಲು ಹಾಕಿದವರು ನಮ್ಮವರೇ, ಅದು ಖರೇ” ಎಂದು ಹೇಳಿದ. ನಾನು ಕಂಡ ಗಂಡಸರು ವಾದದಲ್ಲಿ ಸೋತಾಗ ದನಿ ಏರಿಸುತ್ತಿದ್ದರು, ಇಲ್ಲವೇ ‘ಹೆಣಮಕ್ಕಳಿಗೆ ಇದೆಲ್ಲ ಯಾಕ’ ಎಂದು ಏಳುತ್ತಿದ್ದರು. ಇವನು ಮನೆಗೆ ಹೋಗಿ ಯೋಚನೆ ಮಾಡಿ ಉತ್ತರ ತರುತ್ತಿದ್ದ. ಉತ್ತರ ಸಿಗದಿದ್ದರೆ “ಇನ್ನಾ ಸಿಕ್ಕಿಲ್ಲ” ಅನ್ನುತ್ತಿದ್ದ. ಬಾವುಟ ಹೊಲಿದು ಮುಗಿದ ಮೇಲೆ ಅಂಗಿಯ ಗುಂಡಿ ಕಿತ್ತಿತು ಎಂದು ಬಂದ. ಆಮೇಲೆ ಕಾಲರು ಹರಿಯಿತು. ಬರುಬರುತ್ತ ‘ರೀ’ ಹೋಗಿ ‘ನೀ’ ಆಯಿತು. ಅವ್ವ ಒಳಗಿನಿಂದಲೇ, “ಆ ಹುಡುಗನ ಅಂಗಿ ಎಷ್ಟು ಸಲ ಹರೀತೈತಿ?” ಎಂದು ಕೇಳುವಂತಾಯಿತು.

ಕೂಡ್ಲಿಗಿಗೆ ಮದುವೆಯಾಗಿ ಹೋಗಿದ್ದ ಗೆಳತಿಯೊಬ್ಬಳು ತವರಿಗೆ ಬಂದಾಗ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. “ಮನಸ್ಸಿಗೆ ಬಂದವನ ಜೊತಿ ರಾಜಕಾರಣ ಮಾತಾಡ್ತಾರೇನಲೇ? ಬ್ಯಾರೆ ಏನಾರ ಮಾತಾಡು. ಇಲ್ಲಾಂದ್ರ ಕೈ ತಪ್ಪಿ ಹೋಗ್ತಾನ.” ಅದನ್ನೂ ಒಂದು ದಿನ ಮಾಡಿ ನೋಡಿದೆ. ಬಿಸಿಲಿನ ಮಾತಾಡಿದೆ, ಹೊಸ ಸಿನೆಮಾ ಹೇಗಿದೆ ಅಂದೆ, ಅವನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂದೆ. ಅವನು ಎರಡು ಸಲ ಆಕಳಿಸಿ, “ಆರಾಮಿಲ್ಲೇನು ಇವತ್ತು? ಮುಖ ಯಾಕೋ ಸಪ್ಪಗೈತಿ” ಅಂದ. ಗೆಳತಿಯ ಉಪದೇಶವನ್ನು ಅಲ್ಲಿಗೇ ಬಿಟ್ಟೆ. ಬಾಯಿ ಮುಚ್ಚಿಕೊಂಡು ಗಳಿಸಬೇಕಾದ ಗಂಡಸು ನನಗೆ ಬೇಕಾಗಿರಲಿಲ್ಲ.

ಮುಂದೆ ಹತ್ತಾರು ಹಳ್ಳಿಗಳಿಗೆ ಒಂದರಂತೆ ಮಂಡಲ ಪಂಚಾಯಿತಿಗಳು ಬಂದವು. ಹೆಂಗಸರಿಗೂ ಸ್ಥಾನ ಮೀಸಲಾಯಿತು. ನಮ್ಮ ಊರೂ ಅವನ ಊರೂ ಸೇರಿ ಒಂದು ಕ್ಷೇತ್ರವಾಗಿ, ಅದರಲ್ಲಿ ಒಂದು ಸ್ಥಾನ ಹೆಂಗಸರದೆಂದಾಯಿತು. ಆಗ ರಾಜ್ಯ ಆಳುತ್ತಿದ್ದ ಹೊಸ ಪಕ್ಷದವರು ಒಂದು ಸಂಜೆ ಅಪ್ಪನನ್ನು ಹುಡುಕಿಕೊಂಡು ಬಂದರು. ಅಪ್ಪ ಆಗಷ್ಟೇ ಬಸ್ಸಿಳಿದು ಬಂದಿದ್ದ.

“ನಿಮ್ಮ ಮಗಳ ಹೆಸರು ಹಾಕ್ತೀವಿ. ಸಾಲಿ ಕಲ್ತಾಕಿ, ಸಹಿ ಮಾಡ್ತಾಳ. ಅಡ್ಡಾಡೋದು, ಮಾತಾಡೋದು ಎಲ್ಲಾ ನಮಗ ಬಿಡ್ರಿ. ಆಕಿ ಮನಿಯಾಗ ಇರ್ಲಿ” ಎಂದ ಅವರ ಮುಖಂಡ.

ನಾನು ಮಶೀನಿನ ಹಿಂದಿನಿಂದಲೇ ಹೇಳಿದೆ: “ಹೆಸರು ನಂದಾದರ ಅಡ್ಡಾಡೋದೂ ನಂದು, ಮಾತಾಡೋದೂ ನಂದು. ಬರೇ ಸಹಿ ಬೇಕಾದರ ಬ್ಯಾರೆ ಮನಿ ನೋಡ್ರಿ.”

ಅವರಿಗೆ ಬೇರೆ ಮನೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಒಪ್ಪಿಕೊಂಡರು.

ಅವನಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳಬಾರದೆಂದು ಹಳ್ಳದ ದಂಡೆಯವರೆಗೆ ನಡೆದುಹೋಗಿ ಹೇಳಿದೆ. ಅವನ ಮುಖ ಮೊದಲು ಅರಳಿತು, ಆಮೇಲೆ ಬಿಗಿಯಾಯಿತು.

“ನಿಂದ್ರು. ನಿಂದ್ರಬೇಕಾದಾಕಿನೇ ನೀನು. ಆದರ ನಾ ನಿನ್ನ ಎದುರಿಗೆ ಮೈಕು ಹಿಡಿಯೋನು. ಗೊತ್ತೈತಲ್ಲ?”

“ಹಿಡಿ. ಗಂಟಲು ಚಲೋ ಇಟ್ಕಾ” ಅಂದೆ.

ನಮ್ಮ ಕಡೆಯವರು ಅವನಿಗೆ ಹೆಚ್ಚಿನ ಕೂಲಿ ಕೊಡುತ್ತೇವೆಂದು ಕರೆದರು. ಅವನು, “ಸಿನೆಮಾಕ್ಕ ಯಾರು ಕರೆದರೂ ಬರ್ತೀನ್ರಿ. ವೋಟಿಗೆ ಬರಂಗಿಲ್ಲ” ಎಂದು ಕಳಿಸಿದ. ನನಗೆ ಹೆಮ್ಮೆಯಾಯಿತು. ಎದುರಾಳಿಯ ಬಗ್ಗೆ ಹೆಮ್ಮೆಪಡುತ್ತ ಪ್ರಚಾರಕ್ಕೆ ಹೊರಟವಳು ಆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇದ್ದಿರಬೇಕು.

ನನ್ನ ವಿರುದ್ಧ ಗೌಡರ ಮನೆಯ ಹಿರಿಯ ಹೆಂಗಸೊಬ್ಬರನ್ನು ನಿಲ್ಲಿಸಿದ್ದರು. ಪಾಪ, ಆಕೆ ಹೊಸ್ತಿಲು ದಾಟಲಿಲ್ಲ. ಆಕೆಯ ಪರವಾಗಿ ಓಣಿ ಓಣಿ ತಿರುಗಿದ್ದು ನಾನು ಪ್ರೀತಿಸಿದ ದನಿ. ಮೊದಲ ದಿನವೇ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ ಕೂಗಿದ: “ಅಂಗಿ ಅಳತಿ ಬ್ಯಾರೆ, ಊರಿನ ಅಳತಿ ಬ್ಯಾರೆ! ಅನುಭವ ಇದ್ದವರಿಗೆ ಮತ ಕೊಡ್ರಿ! ಯೋಚನಿ ಮಾಡಿ ಕೊಡ್ರಿ!”

ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೊರಟಳು. “ನಿನ್ನ ಬೈಯಾಕ ಹತ್ಯಾನ, ನೀ ಕುಂತು ನಗ್ತಿಯಲ್ಲ!”

“ಬೈದಿಲ್ಲವ್ವ, ವಾದ ಮಾಡ್ಯಾನ. ನಾ ಉತ್ತರ ಕೊಡ್ತೀನಿ ತಡಿ.”

ಆ ಸಂಜೆ ಚಾವಡಿಯ ಮುಂದೆ ಹೆಂಗಸರು ಸೇರಿದ್ದಾಗ ನಾನು ಹೇಳಿದೆ: “ಅಳತಿ ಬ್ಯಾರೆ ಅಂತಾರ. ಖರೇ ಐತಿ. ಇಷ್ಟು ವರ್ಷ ಈ ಊರನ್ನ ಅವರು ಹೊಲಿದಾರ. ಗೌಡ್ರ ಓಣಿಗೆ ಉದ್ದನ ತೋಳು. ನಮ್ಮ ಓಣಿಗೆ ಬರೋ ಹೊತ್ತಿಗೆ ಅರಿವಿನೇ ಮುಗಿದಿರ್ತೈತಿ!” ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ದೂರದಲ್ಲಿ ಜಟಕಾದ ಪಕ್ಕ ನಿಂತಿದ್ದ ಅವನೂ ನಗುತ್ತಿದ್ದುದನ್ನು ನಾನು ನೋಡಿದೆ. ಅವನ ಪಕ್ಷದವರೂ ನೋಡಿದರು.

ಕೆಲವು ದಿನಗಳ ಮೇಲೆ, ಮಟಮಟ ಮಧ್ಯಾಹ್ನ ಸೈಕಲ್ಲು ತುಳಿದುಕೊಂಡು ಬಂದ. ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದ. ಅವನ ಪಕ್ಷದ ಹಿರಿಯನೊಬ್ಬ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು, ‘ಮದುವಿಯಿಲ್ಲದ ಹುಡುಗಿ ಯಾರ್ಯಾರ ಜೊತಿ ಜೀಪಿನಾಗ ಅಡ್ಡಾಡ್ತಾಳ ಅಂತ ಮೈಕಿನಾಗ ಜನರನ್ನ ಕೇಳು’ ಎಂದಿದ್ದನಂತೆ. ಇವನು ಒಲ್ಲೆ ಎಂದು ಜೀಪಿನಿಂದ ಇಳಿದು ಬಂದಿದ್ದ.

ನನಗೆ ಒಂದು ಕ್ಷಣ ಎದೆ ತುಂಬಿ ಬಂತು. ಮರುಕ್ಷಣವೇ ಸಿಟ್ಟು ಬಂತು.

“ನನ್ನ ಸಲುವಾಗಿ ಒಲ್ಲೆ ಅಂದೇನು?”

“ಹೂಂ ಮತ್ತ.”

“ನನ್ನ ಬದಲಿ ಬ್ಯಾರೆ ಹೆಣಮಗಳು ನಿಂತಿದ್ದರ ಆ ಮಾತು ಕೂಗ್ತಿದ್ದೇನು?”

ಅವನು ಹ್ಯಾಂಡಲ್ಲಿನ ಮೇಲೆ ಬೆರಳಾಡಿಸುತ್ತ ನಿಂತ. ಅವಸರದಲ್ಲಿ ಇಲ್ಲ ಎನ್ನಬಹುದಿತ್ತು. ಅನ್ನದೆ ಯೋಚನೆ ಮಾಡಿದ. ಕೊನೆಗೆ, “ಇಲ್ಲ. ಕೂಗ್ತಿದ್ದಿಲ್ಲ” ಅಂದ.

“ಹಂಗಾರ ಅದನ್ನ ಹೋಗಿ ಅವರಿಗೆ ಹೇಳು. ನನಗ ಉಪಕಾರ ಮಾಡಿದಂಗ ಇಲ್ಲಿ ಬಂದು ಹೇಳಬ್ಯಾಡ.”

ಅವನ ಮುಖ ಕೆಂಪಾಯಿತು. ಸೈಕಲ್ಲು ಹತ್ತಿ ಹೋದ. ಅವನು ಅವರಿಗೆ ಹೇಳಿದನೆಂದು ನನಗೆ ಗೊತ್ತಾದದ್ದು ಮರುದಿನ. ಜೀಪಿನಲ್ಲಿ ಬೇರೆ ಯಾರದೋ ಕೀರಲು ದನಿ ಆ ಹೊಲಸು ಮಾತನ್ನು ಕೂಗುತ್ತ ಹೋಯಿತು. ಅದರ ಹಿಂದೆಯೇ, ತನ್ನ ಜಟಕಾದಲ್ಲಿ, ಅವನ ದನಿ ಬಂತು. ಅದೇ ಪಕ್ಷಕ್ಕೇ ಮತ ಕೇಳಿತು. ಹೊಲ ಕೊಟ್ಟವರನ್ನು ಮರೆಯಬೇಡಿ ಎಂದಿತು. ನನ್ನ ಹೆಸರು ಎತ್ತಿ, ಹೊಸ ಪಕ್ಷಕ್ಕೆ ಊರು ನಡೆಸಿ ಗೊತ್ತಿಲ್ಲ ಎಂದಿತು. ನನ್ನ ನಡತೆಯ ಬಗ್ಗೆ ಒಂದಕ್ಷರವೂ ಬರಲಿಲ್ಲ.

ಆದರೆ ಜೀಪಿನ ಮಾತು ಮನೆಯೊಳಗೆ ಬಂದಾಗಿತ್ತು. ಅಪ್ಪ ಮಾರುಕಟ್ಟೆಗೆ ಹೋಗದೆ ಕೂತ. “ಸಾಕವ್ವ. ಹೆಸರು ವಾಪಸ್ ತಗಿ. ಮಾನ ಹೋಗ್ತೈತಿ.”

“ನನ್ನ ಮಾನ ಅವರ ಬಾಯಾಗ ಇಟ್ಟೀಯೇನಪ್ಪ?” ಅಂದೆ. ಅಪ್ಪ ತಲೆಯೆತ್ತಿ ನೋಡಿದ. ಮತ್ತೆ ಆ ಮಾತು ತೆಗೆಯಲಿಲ್ಲ. ಮರುದಿನ ಬಸ್ಸಿಗೂ ಹೋಗದೆ ಟವೆಲ್ಲು ಹೆಗಲಿಗೆ ಹಾಕಿ ನನ್ನ ಹಿಂದೆ ನಡೆದ.

ಚಾವಡಿಯ ಮುಂದೆ ನಮ್ಮವರ ಮೈಕು ಇಸಿದುಕೊಂಡೆ. ಎಲ್ಲರಿಗೂ ಕೇಳುವಂತೆ ಹೇಳಿದೆ: “ಹೌದು, ಜೀಪಿನಾಗ ಅಡ್ಡಾಡ್ತೀನಿ. ಕಾಲಿಲೆನೂ ಅಡ್ಡಾಡ್ತೀನಿ. ಯಾರ ಜೊತಿ ಅಂತ ಕೇಳ್ತೀರಲ್ಲ? ಇಲ್ಲಿ ನಿಂತಾರ ನೋಡ್ರಿ, ನಮ್ಮಪ್ಪ, ನಮ್ಮವ್ವ, ನಮ್ಮ ಓಣಿಯ ಹೆಣಮಕ್ಕಳು. ಕೇಳೋರು ಜೀಪು ಇಳಿದು ಬಂದು ನನ್ನ ಮುಖ ನೋಡಿ ಕೇಳ್ರಿ. ನಾ ಎಲ್ಲಿಗೂ ಹೋಗಂಗಿಲ್ಲ.” ಯಾರೂ ಇಳಿದು ಬರಲಿಲ್ಲ.

ಮತದಾನದ ದಿನ ಶಾಲೆಯ ಅಂಗಳದಲ್ಲಿ ಎರಡು ಸಾಲು. ಅವನು ಒಳಗೆ ಹೋಗಿ ಹೊರಗೆ ಬಂದ. ಜನ ನೋಡುತ್ತಾರೆಂಬ ಅಂಜಿಕೆಯಿಲ್ಲದೆ ನೆಟ್ಟಗೆ ನನ್ನ ಹತ್ತಿರ ಬಂದ.

“ನಾ ನಿನಗ ಹಾಕಿಲ್ಲ” ಅಂದ.

“ಗೊತ್ತೈತಿ.”

“ನಿನ್ನ ಗುರುತಿನ ತನಕ ಮುದ್ರಿ ಒಯ್ದಿದ್ದೆ. ಆದರೂ ಹಾಕಲಿಲ್ಲ.”

ನನ್ನ ಬದುಕಿನಲ್ಲಿ ಯಾವ ಗಂಡಸೂ ನನಗೆ ಅಷ್ಟು ನೇರವಾದ ಮಾತು ಹೇಳಿರಲಿಲ್ಲ. ಹಾಕಿದ್ದೇನೆಂದು ಸುಳ್ಳು ಹೇಳಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಅವತ್ತು ನನಗೆ ‘ನಿನಗೇ ಹಾಕೀನವ್ವ’ ಎಂದವರು ಇಡೀ ಊರು ತುಂಬ ಇದ್ದರು.

ಗೆದ್ದೆ. ಭಾರೀ ಅಂತರವೇನಲ್ಲ, ಆದರೆ ಗೆದ್ದೆ. ಹಡಗಲಿಯಿಂದ ಟ್ರ್ಯಾಕ್ಟರಿನಲ್ಲಿ ಬಂದೆವು. ಗುಲಾಲು, ಹಲಗೆಯ ಸದ್ದು, ಕುಣಿತ. ನಮ್ಮ ಓಣಿಯ ಬಾಯಿಗೆ ಬರುವಾಗ ಅವನು ಎದುರಿಗೆ ನಿಂತಿದ್ದ. ಅವನ ಹೆಗಲ ಮೇಲೆ ನಮ್ಮ ಪಕ್ಷದ ಶಾಲು. ನನ್ನ ಪಕ್ಷದವರು ಕೇಕೆ ಹಾಕಿ ಅವನನ್ನು ಎತ್ತಿಕೊಳ್ಳಲು ಹೋದರು. ‘ಮೈಕು ನಮ್ಮ ಕಡಿ ಬಂತು!’ ಎಂದು ಕೂಗಿದರು.

ನಾನು ಟ್ರ್ಯಾಕ್ಟರು ನಿಲ್ಲಿಸಿ ಇಳಿದೆ. ಅವನನ್ನು ಗೋಡೆಯ ಬದಿಗೆ ಕರೆದೆ. “ಏನಿದು?”

“ಸೋತಿದ್ದು ನನ್ನಿಂದಾನೇ ಅಂತಾರ. ಹುಡುಗಿಗೆ ಮಾರಿಕೊಂಡಿ ಅಂದ್ರು. ಗಾಡಿ ಮ್ಯಾಲಿನ ಹಾರ್ನು ಬಿಚ್ಚಿ ಒಗೆದಾರ. ಇನ್ನ ನಾ ನಿಮ್ಮ ಕಡಿ. ನಿನ್ನ ಸಲುವಾಗಿ ಬಂದೀನಿ.”

ಅವನ ಕಣ್ಣುಗಳು ಕೆಂಪಗಿದ್ದವು. ಅವನನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು. ಆದರೆ ಬಾಯಿಂದ ಬೇರೆ ಮಾತು ಬಂತು.

“ನಿಮ್ಮಪ್ಪಗ ಹೊಲ ಕೊಟ್ಟಿದ್ದು ಇವತ್ತು ಸುಳ್ಳಾತೇನು?”

“ಇಲ್ಲ.”

“ನಮ್ಮ ಪಕ್ಷ ಚಲೋದು ಅಂತ ನಿನಗ ಇವತ್ತು ಅನಿಸೈತೇನು?”

ಅವನು ತಲೆ ತಗ್ಗಿಸಿದ.

“ಸಿಟ್ಟಿಗೆ ಬರಬ್ಯಾಡ. ನನ್ನ ಸಲುವಾಗಿಯಂತೂ ಬರಲೇಬ್ಯಾಡ. ನನ್ನ ಸಲುವಾಗಿ ಬಂದವ ನಾಳೆ ನನ್ನ ಮ್ಯಾಲೆ ಸಿಟ್ಟಾದರ ಹೊಳ್ಳಿ ಹೋಗ್ತಾನ. ನಿನಗ ಖರೇ ಅನಿಸಿದ್ದನ್ನ ಕೂಗೋ ದನಿ ಅದು. ನನಗ ಬೇಕಾಗಿದ್ದು ಅದು. ಶಾಲು ತಗಿ.”

“ಇದಕ್ಕೂ ನಾಳೆ ಹೇಳ್ತೀನಿ” ಎಂದು ಶಾಲು ತೆಗೆದು ನನ್ನ ಕೈಯಲ್ಲಿಟ್ಟು ಹೋದ. ನಮ್ಮ ಮುಖಂಡ ಕೆಂಡವಾದ. “ಬಂದವನನ್ನ ಕಳಿಸಿದೆಲ್ಲ! ಮೈಕಿನವನು ಬಂದಿದ್ದರ ಮುಂದಿನ ಸಲ ಅರ್ಧ ಊರು ಬರ್ತಿತ್ತು!” ಎಂದು ಕೂಗಾಡಿದ. “ಬರೋದಿದ್ದರ ನನ್ನ ಕೆಲಸ ನೋಡಿ ಬರ್ಲಿ” ಅಂದೆ. ಮೆರವಣಿಗೆ ಮುಂದೆ ಹೋಯಿತು. ನನ್ನ ಮುಖದ ಗುಲಾಲಿನಲ್ಲಿ ನೀರು ಇಳಿದದ್ದನ್ನು ಅವ್ವ ಮಾತ್ರ ಕಂಡಳು.

ಆಮೇಲೆ ಅವನು ಬರಲಿಲ್ಲ. ಅಂಗಿ ಹರಿಯಲಿಲ್ಲ. ಜಟಕಾ ಬಂದರೂ ಅದರಲ್ಲಿ ಬೇರೆ ಯಾರೋ. ಹರಪನಹಳ್ಳಿಗೆ, ಮಾವನ ಅಂಗಡಿಗೆ ಹೋಗಿದ್ದಾನೆಂದು ಕೇಳಿದೆ. ಮಾಡಿದ್ದು ಸರಿಯೆಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಸರಿಯಾದದ್ದು ಮಾಡಿದರೆ ನೋವಾಗುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇತ್ತ ನಮ್ಮ ಓಣಿಗೆ ಮಂಜೂರಾದ ಕೈಪಂಪಿನ ಬೋರನ್ನು ನಮ್ಮದೇ ಪಕ್ಷದ ಮಂಡಲ ಪ್ರಧಾನರು ತಮ್ಮ ಕಣದ ಹತ್ತಿರ ಕೊರೆಸಲು ಹೊರಟರು. ನಾನು ಪಕ್ಷದವರೊಡನೆ ಜಗಳವಾಡಿದೆ. ‘ಪಕ್ಷದ ಮಾತು ಪಕ್ಷದೊಳಗ ಇರ್ಲಿ, ಮುಂದಿನ ವರ್ಷ ನೋಡೂಣು’ ಎಂದು ಸಮಾಧಾನ ಹೇಳಿದರು. ಶಾಲೆಯಲ್ಲಿ ಸಭೆ ಸೇರಿದ ದಿನ ಜನರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಪ್ರಧಾನರು ಬೋರಿನ ವಿಷಯ ದಾಟಿಸಿ ಮುಂದಕ್ಕೆ ಹೋಗುವುದರಲ್ಲಿದ್ದಾಗ ಹಿಂದಿನಿಂದ ದನಿ ಬಂತು. ಮೈಕು ಇರಲಿಲ್ಲ. ಅದಕ್ಕೆ ಬೇಕಾಗಿಯೂ ಇರಲಿಲ್ಲ.

“ಮೆಂಬರ್‍ರನ್ನ ಒಂದು ಮಾತು ಕೇಳ್ತೀನ್ರಿ. ನೀರು ತರ್ತೀನಿ ಅಂತ ಹೇಳಿ ವೋಟು ತಗೊಂಡ್ರಿ. ಓಣಿಯ ಬೋರು ಕಣಕ್ಕ ಹೋಗ್ಯೈತಿ. ನಿಮಗ ಗೊತ್ತೈತೋ ಇಲ್ಲೋ? ಗೊತ್ತಿದ್ದೂ ಸುಮ್ಮನದೀರೋ?”

ಇಡೀ ಸಭೆ ನನ್ನ ಕಡೆ ತಿರುಗಿತು. ಪ್ರಧಾನರು ‘ವಿರೋಧ ಪಕ್ಷದವ, ಗಲಾಟಿ ಮಾಡಾಕ ಬಂದಾನ, ಹೊರಗ ಹಾಕ್ರಿ’ ಎಂದರು. ನಾನು ಎದ್ದು ನಿಂತೆ.

“ಅವರು ಕೇಳಿದ್ದು ನನ್ನನ್ನ. ನಾ ಉತ್ತರ ಕೊಡ್ತೀನಿ. ಗೊತ್ತೈತಿ. ಸುಮ್ಮನಿಲ್ಲ. ಬೋರು ಓಣಿಗೇ ಬರಬೇಕು. ಬರದಿದ್ದರ ನಾ ಈ ಸಭಾದಾಗ ಒಂದಕ್ಕೂ ಕೈ ಎತ್ತಂಗಿಲ್ಲ.”

ನನ್ನ ಹಿಂದೆ ಇನ್ನೊಬ್ಬ ಸದಸ್ಯೆಯೂ ಎದ್ದಳು. ಅಲ್ಲಿಯವರೆಗೆ ಆಕೆ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಪ್ರಧಾನರು ಬೆವರು ಒರೆಸಿಕೊಂಡರು. ಬೋರು ಓಣಿಗೇ ಬಂತು. ನೀರು ಮಾತ್ರ ಸವಳು ಬಂತು. ಬಟ್ಟೆಗೆ, ದನಕ್ಕೆ ಆಯಿತು, ಕುಡಿಯಲು ಮತ್ತೆ ಹಳ್ಳದ ದಂಡೆಯೇ. “ನಿಮ್ಮ ಸರಕಾರದ ನೀರು” ಎಂದು ಅವನು ವರ್ಷಗಟ್ಟಲೆ ನನ್ನನ್ನು ಕಾಡಿದ.

ವರ್ಷಗಟ್ಟಲೆ ಕಾಡಿದ ಎಂದರೆ ತಿಳಿಯಿತಲ್ಲ. ಸಭೆ ಮುಗಿದು ಶಾಲೆಯ ಮೆಟ್ಟಿಲಿಳಿಯುವಾಗ, “ನಾಳೆ ಹೇಳ್ತೀನಿ ಅಂತ ಹೋದವ ಇಷ್ಟು ತಿಂಗಳು ತಗೊಂಡೆಲ್ಲ” ಅಂದೆ. “ಉತ್ತರ ಈಗ ಸಿಕ್ತು” ಅಂದ. ಅದರಾಚೆ ನಾವು ಮದುವೆಯ ಮಾತನ್ನು ಬಾಯಿಬಿಟ್ಟು ಆಡಿದ ನೆನಪು ನನಗಿಲ್ಲ.

ಮದುವೆಗೆ ಜಾತಿ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಪಕ್ಷ. ಅವನ ಮನೆಯಲ್ಲಿ ದೇವರ ಪಟದ ಪಕ್ಕಕ್ಕೆ ಆ ಪಕ್ಷದ ದೊಡ್ಡವರ ಪಟ ಇತ್ತು, ಅದಕ್ಕೂ ಅವನ ತಾಯಿ ಕುಂಕುಮ ಹಚ್ಚುತ್ತಿದ್ದರು. ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಕೇಳಿದರು:

“ನಮಗ ಹೊಲ ಕೊಟ್ಟಿದ್ದು ಯಾರು, ಗೊತ್ತೈತೇನು?”

“ಗೊತ್ತೈತ್ರಿ.”

“ಈ ಮನಿಗೆ ಬಂದ ಮ್ಯಾಲೆ ಈ ಮನಿಯ ಗುರುತಿಗೇ ಒತ್ತಬೇಕು. ಒಪ್ಪಿಗಿ ಐತೇನು?”

ಅವನು ಬಾಗಿಲ ಬಳಿ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ. “ಇಲ್ರಿ ಅತ್ತಿ. ನಿಮಗ ಕೊಟ್ಟಾರ, ನೀವು ಒತ್ರಿ. ಆ ಹೊಲದಾಗ ಕಳೆ ತೆಗೀತೀನಿ, ರಾಶಿ ಮಾಡ್ತೀನಿ, ಆ ಮಣ್ಣಿಗೆ ಕೈ ಮುಗೀತೀನಿ. ನಮ್ಮ ತಾತಗ ಸಿಗದಿದ್ದ ಹೊಲದ ನೆನಪು ನನಗೂ ಐತಿ. ವೋಟು ನಂದು.”

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗನ ಕಡೆ ತಿರುಗಿ, “ಬಾಯಿ ಬಾಳ ಐತೋ ಈಕಿಗೆ” ಅಂದರು. ಒಪ್ಪಲು ಒಂದು ಸುಗ್ಗಿ ಕಳೆಯಿತು. ಒಪ್ಪಿದರು. ಹಡಗಲಿಯ ಕಚೇರಿಯಲ್ಲಿ ಸಹಿ ಮಾಡಿ, ಹಾರ ಹಾಕಿಕೊಂಡು, ಇಟ್ಟಿಗಿಯ ಬಸ್ಸು ಹತ್ತಿದೆವು. ಬಸ್ಸಿನಲ್ಲೇ ಅವತ್ತಿನ ಪೇಪರಿನ ಸುದ್ದಿಗೆ ನಮಗೆ ಜಗಳವಾಯಿತು. ಹಿಂದಿನ ಸೀಟಿನವರು ನಕ್ಕರು.

ಮುಂದಿನ ಚುನಾವಣೆಗೆ ಅವನ ಪಕ್ಷದವರು ಮನೆಗೆ ಬಂದರು. ಹಳೆಯ ಸಿಟ್ಟು ಮರೆತು ಹೊಸ ಹಾರ್ನು ತಂದಿದ್ದರು. ಅತ್ತೆ ಕಟ್ಟೆಯ ಮೇಲಿದ್ದರು, ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಚಹಾ ಕುಡಿದು ಹೊರಡುವಾಗ ಅವರಲ್ಲೊಬ್ಬ ಕೇಳಿದ:

“ನಿಮ್ಮ ಮನಿಯಾಗ ನಮಗ ಎಷ್ಟು ವೋಟು?”

ಅವನು ಲೋಟ ಕೆಳಗಿಟ್ಟು ಹೇಳಿದ: “ನಂದು ಒಂದು. ಅವ್ವಂದು ಅವ್ವನ್ನ ಕೇಳ್ರಿ. ಆಕಿದು ಆಕಿನ್ನ ಕೇಳ್ರಿ, ಒಳಗ ಅದಾಳ.”

ಯಾರೂ ಒಳಗೆ ಬಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.